ಮನೆ ಎದುರಿನ ಹದಿನಾರು ಅಡಿ

ಲಂಡನ್ನಿನಲ್ಲಿ ನೆಲೆಸಿರುವ ಕನ್ನಡಿಗರ ಮನೆಗೆ ನೆಂಟರು ಕಾರಿನಲ್ಲಿ ಬಂದಿಳಿದರೆ, ಎಷ್ಟೋ ಬಡಾವಣೆಗಳಲ್ಲಿ ಕಾಫಿಗೂ ಮೊದಲು ಅವರ ಕೈಗೆ ಬರುವುದು ಒಂದು ಚೀಟಿ. ಅದರ ಮೇಲೆ ತಿಂಗಳು, ತಾರೀಖು, ಗಂಟೆ ಎಂದು ಸಾಲಾಗಿ ಬೂದು ಬಣ್ಣ ಬಳಿದ ಚೌಕಗಳಿರುತ್ತವೆ. ಆ ದಿನಕ್ಕೆ ಸೇರಿದ ಚೌಕಗಳನ್ನಷ್ಟೇ ನಾಣ್ಯದಿಂದ ಕೆರೆದು, ಕಾರಿನ ನಂಬರು ಬರೆದು, ಹೊರಗಿನಿಂದ ಕಾಣುವ ಹಾಗೆ ಗಾಜಿನ ಹಿಂದೆ ಇಡಬೇಕು. ತಪ್ಪು ಚೌಕ ಕೆರೆದರೆ ಚೀಟಿ ಹಾಳು. ಇಡದೇ ಹೋದರೆ ದಂಡ. ಈಚೆಗೆ ಹಲವು ಪಾಲಿಕೆಗಳು ಕಾಗದ ಬಿಟ್ಟು ಮೊಬೈಲಿನಲ್ಲೇ ಕಾರಿನ ನಂಬರು ಬರೆಸಿಕೊಳ್ಳುತ್ತಿವೆ. ಆದರೂ ಕ್ರಮ ಅದೇ. ಮನೆಯವರ ಕಾರು ವರ್ಷದ ಪರ್ಮಿಟ್ ಮೇಲೆ ನಿಂತಿರುತ್ತದೆ, ನೆಂಟರ ಕಾರು ಆ ದಿನದ ಚೀಟಿಯ ಮೇಲೆ.

ಸಾರ್ವಜನಿಕ ರಸ್ತೆಯಲ್ಲಿ ಅಲ್ಲೇ ವಾಸವಿರುವವರಿಗೆ ಒಂದು ನ್ಯಾಯ, ಹೊರಗಿನವರಿಗೆ ಇನ್ನೊಂದು ನ್ಯಾಯ ಮಾಡುವ ಈ ವ್ಯವಸ್ಥೆಗೆ ರೆಸಿಡೆಂಟ್ ಪಾರ್ಕಿಂಗ್ ಪರ್ಮಿಟ್ ಎನ್ನುತ್ತಾರೆ. ಇದು ನಮಗೆ ದೂರದ ಸಂಗತಿಯೇನಲ್ಲ. ನಗರ ಭೂಸಾರಿಗೆ ನಿರ್ದೇಶನಾಲಯ ಸಿದ್ಧಪಡಿಸಿದ ‘ಬೆಂಗಳೂರು ಪಾರ್ಕಿಂಗ್ ನೀತಿ 2.0’ರಲ್ಲಿ ಇದೇ ಪರ್ಮಿಟ್ ಇದೆ. 2021ರ ಆರಂಭದಲ್ಲಿ ಆ ಸುದ್ದಿ ಬಂದಾಗ ಊರಿನಲ್ಲೆಲ್ಲ ಚರ್ಚೆಯಾದದ್ದು ದರ ಮಾತ್ರ: ಸಣ್ಣ ಕಾರಿಗೆ ವರ್ಷಕ್ಕೆ 1,000 ರೂಪಾಯಿ, ಮಧ್ಯಮ ಗಾತ್ರದ್ದಕ್ಕೆ 3,000ದಿಂದ 4,000, ದೊಡ್ಡ ಗಾಡಿಗೆ 5,000. ದರ ಈ ವ್ಯವಸ್ಥೆಯ ಅತ್ಯಂತ ಸುಲಭದ ಭಾಗ. ಪರ್ಮಿಟ್ ಯಾರಿಗೆ ಇಲ್ಲ ಎಂಬುದನ್ನು ಗಟ್ಟಿಯಾಗಿ ಹೇಳುವುದೇ ಕಷ್ಟ. ಹಾಗೆ ಹೇಳಿದ ಊರುಗಳಲ್ಲಿ ಮಾತ್ರ ಇದು ನಡೆದಿದೆ.

ಲಂಡನ್ನಿನ ಹೆಚ್ಚಿನ ಮನೆಸಾಲುಗಳು ಕಾರು ಮನೆಮನೆಗೆ ಬರುವ ಮೊದಲೇ ಎದ್ದವು. ಒಂದಕ್ಕೊಂದು ಗೋಡೆ ತಾಗಿಸಿಕೊಂಡ ಮನೆಗಳು, ಮುಂದೆ ಅಂಗೈಯಗಲದ ತೋಟ, ಅದರಾಚೆ ಫುಟ್‌ಪಾತ್, ರಸ್ತೆ. ಗ್ಯಾರೇಜಿಗೆ ಜಾಗವಿಲ್ಲ. ಕಾರು ಬಂದಾಗ ರಸ್ತೆಯೇ ಗ್ಯಾರೇಜಾಯಿತು. 1958ರ ಜುಲೈ 10ರಂದು ಮೇಫೇರ್ ಪ್ರದೇಶದ ಗ್ರೋವ್ನರ್ ಚೌಕದ ಸುತ್ತ ಬ್ರಿಟನ್ನಿನ ಮೊದಲ ಪಾರ್ಕಿಂಗ್ ಮೀಟರುಗಳು ಬಂದವು. ಮೀಟರಿಗೆ ಕಾಸು ಹಾಕಲೊಲ್ಲದವರು ಮೀಟರಿಲ್ಲದ ಪಕ್ಕದ ಬೀದಿಗಳಿಗೆ ನುಗ್ಗಿದರು. ಬೆಳಿಗ್ಗೆ ಕಚೇರಿಗೆ ಬಂದವರ ಕಾರು ಸಂಜೆವರೆಗೆ ಯಾರದೋ ಮನೆಯ ಮುಂದೆ ನಿಂತಿತು, ಮನೆಯವರು ನಾಲ್ಕು ಬೀದಿ ಸುತ್ತಿದರು. ಅಲ್ಲಿಂದ ಒಂದೊಂದಾಗಿ ‘ನಿಯಂತ್ರಿತ ಪಾರ್ಕಿಂಗ್ ವಲಯ’ಗಳು ಹುಟ್ಟಿಕೊಂಡವು. ಮೊದಲು ಕಾವಲು ಕೆಲಸ ಪೊಲೀಸರದು ಮತ್ತು ಅವರ ಕೈಕೆಳಗಿನ ವಾರ್ಡನ್‌ಗಳದು. 1991ರ ಕಾಯ್ದೆಯ ನಂತರ ಅದು ಸ್ಥಳೀಯ ಪಾಲಿಕೆಗಳ ಕೈಗೆ ಬಂತು. ಲಂಡನ್ ಒಂದೇ ಪಾಲಿಕೆಯ ಊರಲ್ಲ. 32 ಬರೋಗಳು, ಮೇಲೆ ಹಳೆಯ ನಗರಭಾಗ ‘ಸಿಟಿ’ ಸೇರಿ 33 ಆಡಳಿತಗಳು. ಪರ್ಮಿಟ್ಟಿನ ದರ, ಸಮಯ, ನಿಯಮಗಳೆಲ್ಲ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬದಲಾಗುತ್ತವೆ.

ವಲಯದ ಬಾಗಿಲಿನಂತೆ ರಸ್ತೆಯ ತಲೆಯಲ್ಲಿ ಒಂದು ಫಲಕವಿರುತ್ತದೆ. ನಿರ್ಬಂಧ ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಎಂದು ಅದರ ಮೇಲೆ ಬರೆದಿರುತ್ತದೆ. ಒಳಗೆ ಬಿಳಿ ಗೆರೆ ಎಳೆದು ಗುರುತು ಮಾಡಿದ ಜಾಗಗಳಲ್ಲಿ ಮಾತ್ರ ನಿಲ್ಲಿಸಬೇಕು. ಹಳದಿ ಜೋಡಿಗೆರೆ ಇರುವ ತಿರುವುಗಳಲ್ಲಿ ಯಾರೂ ಯಾವಾಗಲೂ ನಿಲ್ಲಿಸುವಂತಿಲ್ಲ. ನನಗೆ ತುಂಬ ಹಿಡಿಸಿದ ಜಾಣತನ ಹೊರವಲಯದ ಮೆಟ್ರೊ ನಿಲ್ದಾಣಗಳ ಸುತ್ತಮುತ್ತಲಿನದು. ಅಲ್ಲಿ ಕೆಲವು ಬೀದಿಗಳಲ್ಲಿ ನಿರ್ಬಂಧ ಇರುವುದು ದಿನಕ್ಕೆ ಒಂದೋ ಎರಡೋ ಗಂಟೆ ಮಾತ್ರ. ಅಷ್ಟೇ ಸಾಕು. ಬೆಳಿಗ್ಗೆ ಕಾರು ಬಿಟ್ಟು ರೈಲು ಹತ್ತಿ ಸಂಜೆ ಮರಳುವವನು ನಡುವೆ ಆ ಒಂದು ಗಂಟೆಗೆ ಬಂದು ಕಾರು ತೆಗೆಯಲಾರ. ಹಾಗಾಗಿ ಅವನು ಅಲ್ಲಿ ನಿಲ್ಲಿಸುವುದೇ ಇಲ್ಲ. ಮನೆಗೆ ಬರುವ ನೆಂಟರಿಗೆ, ಪ್ಲಂಬರ್‌ಗೆ, ಸಾಮಾನು ತರುವವರಿಗೆ ಉಳಿದ ಹೊತ್ತೆಲ್ಲ ತೊಂದರೆಯಿಲ್ಲ. ಯಾರನ್ನು ತಡೆಯಬೇಕು ಎಂಬುದು ಸ್ಪಷ್ಟವಿದ್ದರೆ ನಿಯಮ ಎಷ್ಟು ಚಿಕ್ಕದಾಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ವೆಂಬ್ಲಿ ಕ್ರೀಡಾಂಗಣದ ಸುತ್ತ ಪಂದ್ಯವೋ ಸಂಗೀತ ಕಾರ್ಯಕ್ರಮವೋ ಇರುವ ದಿನಗಳಲ್ಲಿ ಮಾತ್ರ ಎಚ್ಚರಗೊಳ್ಳುವ ವಲಯವೂ ಉಂಟು.

ಹೊಸ ವಲಯ ಮಾಡಬೇಕಾದರೆ ಪಾಲಿಕೆ ಮನೆಮನೆಗೂ ಪತ್ರ ಬರೆದು ಅಭಿಪ್ರಾಯ ಕೇಳುತ್ತದೆ. ಆಮೇಲೆ ಕರಡು ಆದೇಶ ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ. ಅದರ ಪ್ರತಿಯನ್ನು ಬೀದಿಯ ದೀಪದ ಕಂಬಗಳಿಗೂ ಕಟ್ಟುತ್ತಾರೆ. ಆಕ್ಷೇಪಣೆಗೆ 21 ದಿನ. ಕೇಳಿದ್ದು ಬರೀ ಶಾಸ್ತ್ರಕ್ಕಾದರೆ ನ್ಯಾಯಾಲಯ ಸುಮ್ಮನಿರುವುದಿಲ್ಲ. ಕ್ಯಾಮ್ಡೆನ್ ಪಾಲಿಕೆಯ ಒಂದು ವಲಯ 1995ರಲ್ಲಿ ರದ್ದಾದದ್ದು ಜನಾಭಿಪ್ರಾಯವನ್ನು ಸರಿಯಾಗಿ ಕೇಳಲಿಲ್ಲ ಎಂಬ ಕಾರಣಕ್ಕೆ.

ಅರ್ಜಿ ಹಾಕುವವರು ಎರಡು ಸಂಗತಿ ತೋರಿಸಬೇಕು: ತಾವು ಆ ವಿಳಾಸದಲ್ಲಿ ವಾಸವಿದ್ದೇವೆ ಎಂಬುದು, ಕಾರು ಅದೇ ವಿಳಾಸಕ್ಕೆ ನೋಂದಣಿಯಾಗಿದೆ ಎಂಬುದು. ಪರ್ಮಿಟ್ ಒಂದು ಕಾರಿಗೆ, ಒಂದು ವಲಯಕ್ಕೆ. ಪಕ್ಕದ ವಲಯಕ್ಕೆ ಹೋದರೆ ನೀವೂ ಹೊರಗಿನವರೇ. ಒಂದೇ ಮನೆಯ ಎರಡನೇ ಕಾರಿಗೆ ಹಲವೆಡೆ ದರ ಹೆಚ್ಚು. ಹೊಗೆ ಹೆಚ್ಚು ಉಗುಳುವ ಕಾರಿಗೂ ಹೆಚ್ಚು. ಇದನ್ನು 2007ರಲ್ಲೇ ರಿಚ್ಮಂಡ್ ಪಾಲಿಕೆ ಶುರುಮಾಡಿತ್ತು. ಅಲ್ಲಿ ಆಡಳಿತ ಬದಲಾದಾಗ ಆ ಪದ್ಧತಿ ಹೋಯಿತು, ಆದರೆ ಅಷ್ಟರಲ್ಲಿ ಬೇರೆ ಪಾಲಿಕೆಗಳು ಅದನ್ನು ಹಿಡಿದುಕೊಂಡಿದ್ದವು. ಅಂಗವಿಕಲರಿಗೆ ನೀಲಿ ಬ್ಯಾಡ್ಜ್, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳಲು ಬರುವವರಿಗೆ ಬೇರೆ ಪರ್ಮಿಟ್, ಡಾಕ್ಟರಿಗೆ ಬೇರೆ ಜಾಗ. ಮನೆ ಬದಲಾಯಿಸುವ ದಿನ ಲಾರಿ ನಿಲ್ಲಬೇಕಿದ್ದರೆ ಮೊದಲೇ ಶುಲ್ಕ ಕಟ್ಟಿ ಆ ಜಾಗವನ್ನು ‘ತಡೆ’ ಮಾಡಿಸಿಕೊಳ್ಳಬಹುದು. ಕಂಬಕ್ಕೆ ತಾರೀಖು ಬರೆದ ಹಳದಿ ಬೋರ್ಡು ಬೀಳುತ್ತದೆ. ತಪ್ಪಿದವರಿಗೆ ದಂಡದ ನೋಟಿಸು. ಹದಿನಾಲ್ಕು ದಿನದೊಳಗೆ ಕಟ್ಟಿದರೆ ಅರ್ಧ ಮಾಫಿ. ಒಪ್ಪಿಗೆಯಿಲ್ಲದವರು ಮೊದಲು ಪಾಲಿಕೆಗೆ, ಅದೂ ಕೇಳದಿದ್ದರೆ ಪಾಲಿಕೆಗೆ ಅಧೀನವಲ್ಲದ ನ್ಯಾಯಮಂಡಳಿಗೆ ಮೇಲ್ಮನವಿ ಹೋಗಬಹುದು.

ಇಷ್ಟೆಲ್ಲ ಮಾಡಿ, ದುಡ್ಡು ಕಟ್ಟಿ ಪಡೆದ ಪರ್ಮಿಟ್ ಏನು ಕೊಡುತ್ತದೆ? ಆ ವಲಯದಲ್ಲಿ ಜಾಗ ಹುಡುಕುವ ಹಕ್ಕು, ಅಷ್ಟೇ. ಸ್ವಂತ ಮನೆಯ ಮುಂದೆ ಅಂತೂ ಅಲ್ಲವೇ ಅಲ್ಲ. ನಮ್ಮಲ್ಲಿ ಇದನ್ನು ಜೀರ್ಣಿಸಿಕೊಳ್ಳುವುದು ಕಷ್ಟ. ಬಸವನಗುಡಿಯಿಂದ ಯಲಹಂಕದವರೆಗೆ ಯಾವ ಅಡ್ಡರಸ್ತೆಗೆ ಹೋದರೂ ಗೇಟಿಗೆ ನೇತುಹಾಕಿದ ‘ನೋ ಪಾರ್ಕಿಂಗ್’ ಬೋರ್ಡು, ರಸ್ತೆಗೆ ಇಳಿದ ಹೂಕುಂಡ, ಸಿಮೆಂಟು ತುಂಬಿದ ಡಬ್ಬಕ್ಕೆ ನೆಟ್ಟ ಕಬ್ಬಿಣದ ಕೋಲು, ಸೈಜುಗಲ್ಲು. ಗೇಟಿಗೆ ಅಡ್ಡ ನಿಲ್ಲಿಸಬಾರದು ಎಂಬುದು ನ್ಯಾಯವೇ. ಆದರೆ ಕಾಂಪೌಂಡಿನ ಉದ್ದಕ್ಕೂ ಇರುವ ರಸ್ತೆ ತಮ್ಮದೇ ಎಂದು ತಿಳಿದು ಕಲ್ಲಿಡುವುದಕ್ಕೆ ಯಾವ ಕಾನೂನಿನ ಬೆಂಬಲವೂ ಇಲ್ಲ. ಪರ್ಮಿಟ್ ಬಂದ ದಿನ ಮೊದಲು ಎದ್ದುಹೋಗಬೇಕಾದದ್ದು ಆ ಕಲ್ಲುಗಳು.

ರಸ್ತೆ ಎಲ್ಲರದ್ದಾದರೆ ಅಲ್ಲಿ ವಾಸವಿರುವವರಿಗೆ ಮಾತ್ರ ಆದ್ಯತೆ ಕೊಡುವುದು ಸಮಾನತೆಗೆ ವಿರುದ್ಧವಲ್ಲವೇ? ಈ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ವಾಷಿಂಗ್ಟನ್ನಿನ ಪಕ್ಕದಲ್ಲಿರುವ ವರ್ಜೀನಿಯಾದ ಆರ್ಲಿಂಗ್ಟನ್ ಕೌಂಟಿಯಲ್ಲಿ ಕ್ರಿಸ್ಟಲ್ ಸಿಟಿ ಎಂಬ ದೊಡ್ಡ ಕಚೇರಿ ಸಮುಚ್ಚಯವಿದೆ. ಅಲ್ಲಿಗೆ ಕೆಲಸಕ್ಕೆ ಬರುವವರು ಪಕ್ಕದ ಅರೋರಾ ಹೈಲ್ಯಾಂಡ್ಸ್ ಬಡಾವಣೆಯಲ್ಲಿ ಕಾರು ನಿಲ್ಲಿಸುತ್ತಿದ್ದರು. ಕೌಂಟಿ ಅಲ್ಲಿ ವಾರದ ದಿನಗಳಲ್ಲಿ ಹಗಲು ಹೊತ್ತು ಪರ್ಮಿಟ್ ಕಡ್ಡಾಯ ಮಾಡಿತು. ಹೊರಗಿನಿಂದ ಬರುತ್ತಿದ್ದವರು ಕೇಸು ಹಾಕಿದರು. ರಾಜ್ಯದ ನ್ಯಾಯಾಲಯ ಅವರ ಪರ ನಿಂತಿತು. 1977ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ವಸತಿ ಬೀದಿಗಳಲ್ಲಿ ಹೊಗೆ, ಗದ್ದಲ, ಓಡಾಟ ಕಡಿಮೆ ಮಾಡುವುದು ಆಡಳಿತದ ನ್ಯಾಯವಾದ ಉದ್ದೇಶ, ನಿವಾಸಿ ಮತ್ತು ಹೊರಗಿನವರ ನಡುವಿನ ಈ ವ್ಯತ್ಯಾಸಕ್ಕೂ ಆ ಉದ್ದೇಶಕ್ಕೂ ತರ್ಕಬದ್ಧ ನಂಟಿದೆ, ಸಂವಿಧಾನ ಇದಕ್ಕೆ ಅಡ್ಡಿಯಲ್ಲ ಎಂಬುದು ಅದರ ನಿಲುವು. ಗಮನಿಸಬೇಕಾದದ್ದು, ಇಲ್ಲಿ ಗೆದ್ದದ್ದು ನಿವಾಸಿಗಳ ಕಾರಲ್ಲ, ಬೀದಿಯ ನೆಮ್ಮದಿ.

ಹೀಗೆ ಕಾನೂನಿನ ಬೆಂಬಲ ಸಿಕ್ಕರೂ ಎಲ್ಲ ಊರೂ ಅದನ್ನು ಸರಿಯಾಗಿ ಬಳಸಿಕೊಳ್ಳಲಿಲ್ಲ. ಬಾಸ್ಟನ್ ನೋಡಿ. ಅಲ್ಲಿ ನಿವಾಸಿಗಳಿಗೆ ಪರ್ಮಿಟ್ ಪುಕ್ಕಟೆ. ಜಾಗ ಎಷ್ಟಿದೆ ಎಂದು ಎಣಿಸಿ ಅಷ್ಟೇ ಕೊಡುವ ಪದ್ಧತಿ ಬೆಳೆಯಲಿಲ್ಲ, ಕೇಳಿದವರಿಗೆಲ್ಲ ಕೊಟ್ಟರು. ಹಳೆಯ ಕಿರಿದಾದ ಬಡಾವಣೆಗಳಲ್ಲಿ ಪರ್ಮಿಟ್ ಜಾಗವನ್ನು ಮೀರಿತು. ಅದರ ಪರಿಣಾಮ ಹಿಮ ಬಿದ್ದ ದಿನ ಕಣ್ಣಿಗೆ ರಾಚುತ್ತದೆ. ಬೆಳಿಗ್ಗೆ ಎದ್ದು ಗಂಟೆಗಟ್ಟಲೆ ಸಲಿಕೆಯಲ್ಲಿ ಹಿಮ ತೆಗೆದು ಕಾರು ಹೊರತೆಗೆದವರು, ಸಂಜೆ ಬರುವಷ್ಟರಲ್ಲಿ ಆ ಜಾಗ ಹೋಗದಿರಲೆಂದು ಅಲ್ಲಿ ಹಳೆಯ ಕುರ್ಚಿಯನ್ನೋ ಕಸದ ಡಬ್ಬಿಯನ್ನೋ ಇಟ್ಟು ಹೋಗುತ್ತಾರೆ. ಆ ಕುರ್ಚಿ ಸರಿಸಿದ್ದಕ್ಕೆ ನೆರೆಹೊರೆಯವರು ಬದ್ಧವೈರಿಗಳಾದದ್ದಿದೆ. ಕೊನೆಗೆ ನಗರಾಡಳಿತವೇ, ಹಿಮದ ತುರ್ತುಸ್ಥಿತಿ ಮುಗಿದ ಮೇಲೆ 48 ಗಂಟೆ ಕುರ್ಚಿ ಇಡಬಹುದು ಎಂದು ಒಪ್ಪಿಕೊಂಡಿತು. ಯಾರಿಗೂ ಇಲ್ಲವೆನ್ನದ ಪರ್ಮಿಟ್ ಬೀದಿಯನ್ನು ಮತ್ತೆ ಕುರ್ಚಿ-ಕಲ್ಲುಗಳ ಕಾಲಕ್ಕೇ ತಂದು ನಿಲ್ಲಿಸುತ್ತದೆ.

ಇಲ್ಲವೆನ್ನುವ ಧೈರ್ಯ ತೋರಿದ ಊರುಗಳೂ ಇವೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಪರ್ಮಿಟ್ಟಿಗೆ ಸರದಿ ಕಾಯಬೇಕು. 2025ರ ಕೊನೆಯ ವೇಳೆಗೆ ಬೀದಿಬದಿಯ 11,200 ಪಾರ್ಕಿಂಗ್ ಜಾಗಗಳನ್ನು ತೆಗೆದು ಮರ, ಸೈಕಲ್, ಫುಟ್‌ಪಾತ್‌ಗೆ ಕೊಡುವ ಗುರಿಯನ್ನು ಆ ನಗರ 2019ರಲ್ಲಿ ಇಟ್ಟುಕೊಂಡಿತು. ಅದಕ್ಕೆ ಹಿಡಿದ ದಾರಿ ನಯವಾದದ್ದು: ಇರುವವರ ಪರ್ಮಿಟ್ ಕಿತ್ತುಕೊಳ್ಳದೆ, ಮನೆ ಬಿಟ್ಟು ಹೋದವರು ಮರಳಿಸಿದ ಪರ್ಮಿಟ್‌ಗಳಲ್ಲಿ ಒಂದು ಪಾಲನ್ನು ಮತ್ತೆ ಯಾರಿಗೂ ಕೊಡದಿರುವುದು. ಟೋಕಿಯೊ ಇನ್ನೂ ಹಿಂದಕ್ಕೆ ಹೋಗಿ ಕಾರು ಕೊಳ್ಳುವ ಹಂತದಲ್ಲೇ ತಡೆಯುತ್ತದೆ. ಜಪಾನಿನ 1962ರ ಕಾನೂನಿನ ಪ್ರಕಾರ ಕಾರು ನೋಂದಣಿಗೆ ಮೊದಲು, ಮನೆಯಿಂದ 2 ಕಿಲೋಮೀಟರಿನೊಳಗೆ ರಸ್ತೆಯಿಂದಾಚೆ ತನಗೆ ಜಾಗವಿದೆ ಎಂದು ನಕ್ಷೆಸಹಿತ ಪೊಲೀಸ್ ಠಾಣೆಗೆ ತೋರಿಸಿ ಪ್ರಮಾಣಪತ್ರ ಪಡೆಯಬೇಕು. ಅಲ್ಲಿ ರಸ್ತೆಯನ್ನು ಗ್ಯಾರೇಜಾಗಿ ಬಳಸುವಂತಿಲ್ಲ, ಹಾಗಾಗಿ ನಿವಾಸಿ ಪರ್ಮಿಟ್ಟಿನ ಮಾತೇ ಹುಟ್ಟಲಿಲ್ಲ. ಲಂಡನ್ನಿನಲ್ಲಿ ಇಸ್ಲಿಂಗ್ಟನ್, ಕ್ಯಾಮ್ಡೆನ್‌ನಂಥ ಪಾಲಿಕೆಗಳು ಹೊಸ ಕಟ್ಟಡಕ್ಕೆ ಅನುಮತಿ ಕೊಡುವಾಗಲೇ ಕರಾರು ಬರೆಸಿಕೊಳ್ಳುತ್ತವೆ: ಈ ಮನೆಗಳಲ್ಲಿ ವಾಸಿಸುವವರಿಗೆ ಬೀದಿ ಪರ್ಮಿಟ್ ಸಿಗುವುದಿಲ್ಲ. ಮನೆ ಕೊಳ್ಳುವವರಿಗೆ ಅದು ಮೊದಲೇ ಗೊತ್ತಿರುತ್ತದೆ. ಬಸ್ಸು, ರೈಲು ಚೆನ್ನಾಗಿರುವ ಕಡೆ ಇಂಥ ಕಾರುರಹಿತ ಕಟ್ಟಡವೇ ಸಾಮಾನ್ಯ ನಿಯಮವಾಗಬೇಕೆಂದು 2021ರ ‘ಲಂಡನ್ ಪ್ಲಾನ್’ ಹೇಳುತ್ತದೆ.

ದುಡ್ಡಿನ ಮಾತು ಬಂದಾಗ ನನಗೆ ಲಂಡನ್ನಿನ ಉತ್ತರಕ್ಕಿರುವ ಬಾರ್ನೆಟ್ ಪಾಲಿಕೆಯ ಪ್ರಕರಣ ಎಲ್ಲಕ್ಕಿಂತ ಮುಖ್ಯ. 2011ರಲ್ಲಿ ಆ ಪಾಲಿಕೆ ನಿವಾಸಿ ಪರ್ಮಿಟ್ಟಿನ ದರವನ್ನು 40 ಪೌಂಡಿನಿಂದ 100ಕ್ಕೆ, ನೆಂಟರ ಚೀಟಿಯನ್ನು 1 ಪೌಂಡಿನಿಂದ 4ಕ್ಕೆ ಏರಿಸಿತು. ಹೀಗೆ ಬರುವ ಹೆಚ್ಚುವರಿ ಹಣವನ್ನು ರಸ್ತೆ ರಿಪೇರಿ, ರಿಯಾಯಿತಿ ಬಸ್ ಪ್ರಯಾಣ ಮುಂತಾದ ಸಾರಿಗೆ ಖರ್ಚಿಗೆ ಹೊಂದಿಸುವುದು ಅದರ ಆಲೋಚನೆ. ಕೇಳಿದರೆ ಒಳ್ಳೆಯ ಉದ್ದೇಶವೇ ಅನ್ನಿಸುತ್ತದೆ. ನಿವಾಸಿಯೊಬ್ಬರು ಹೈಕೋರ್ಟಿಗೆ ಹೋದರು. 2013ರ ಜುಲೈನಲ್ಲಿ ತೀರ್ಪು ಬಂತು: 1984ರ ರಸ್ತೆ ಸಂಚಾರ ನಿಯಂತ್ರಣ ಕಾಯ್ದೆ ಪಾಲಿಕೆಗೆ ಪಾರ್ಕಿಂಗ್ ಶುಲ್ಕದ ಅಧಿಕಾರ ಕೊಟ್ಟಿರುವುದು ಸಂಚಾರ ಮತ್ತು ಪಾರ್ಕಿಂಗನ್ನು ಸರಿಯಾಗಿ ನಡೆಸಲಿಕ್ಕೆ, ತೆರಿಗೆಯಂತೆ ಹಣ ಎತ್ತಲಿಕ್ಕಲ್ಲ, ಹಣ ಎತ್ತುವ ಉದ್ದೇಶದಿಂದಲೇ ಏರಿಸಿದ ದರ ಕಾನೂನುಬಾಹಿರ. ನಿರ್ವಹಣೆಯಲ್ಲಿ ತಾನಾಗಿ ಹಣ ಉಳಿದರೆ ಅದನ್ನು ಯಾವುದಕ್ಕೆ ಖರ್ಚು ಮಾಡಬಹುದು ಎಂಬುದನ್ನೂ ಅದೇ ಕಾಯ್ದೆಯ 55ನೇ ಕಲಂ ಕಟ್ಟುನಿಟ್ಟಾಗಿ ಹೇಳುತ್ತದೆ; ಪಾಲಿಕೆ ಪಾರ್ಕಿಂಗ್ ಲೆಕ್ಕವನ್ನು ಬೇರೆಯಾಗಿಯೇ ಇಡಬೇಕು.

ಈ ತೀರ್ಪಿನ ಬೆಲೆ ದೊಡ್ಡದು. ದರವನ್ನು ಖಜಾನೆ ತುಂಬಲು ಇಟ್ಟರೆ ಪಾಲಿಕೆಗೆ ಹೆಚ್ಚು ಪರ್ಮಿಟ್ ಮಾರುವ ಆಸೆ ಹುಟ್ಟುತ್ತದೆ. ಹೆಚ್ಚು ಮಾರಿದಷ್ಟೂ ಜಾಗ ಸಿಗುವ ಭರವಸೆ ಕಡಿಮೆಯಾಗುತ್ತದೆ. ಒಂದೇ ಕಚೇರಿ ಜಾಗವನ್ನು ಕಾಯುವುದೂ ಮಾರುವುದೂ ಎರಡನ್ನೂ ಮಾಡಲಾರದು. ಅಮೆರಿಕದ ಅರ್ಥಶಾಸ್ತ್ರಜ್ಞ ಡೊನಾಲ್ಡ್ ಶೂಪ್ ಇದಕ್ಕೊಂದು ಪರಿಹಾರ ಹೇಳುತ್ತಿದ್ದರು: ಬೀದಿಬದಿಗೆ ಬೆಲೆ ಇಡಿ, ಬಂದ ಹಣವನ್ನು ಅದೇ ಬೀದಿಯ ಫುಟ್‌ಪಾತ್, ದೀಪ, ಮರಗಳಿಗೆ ಹಾಕಿ, ಆಗ ಜನ ತಾವೇ ಒಪ್ಪುತ್ತಾರೆ. 2025ರಲ್ಲಿ ತೀರಿಕೊಂಡ ಅವರು ವೃತ್ತಿಜೀವನದ ಬಹುಪಾಲನ್ನು ಪಾರ್ಕಿಂಗ್ ಅಧ್ಯಯನಕ್ಕೇ ಕೊಟ್ಟವರು.

ಇನ್ನು ಬೆಂಗಳೂರಿಗೆ ಬರೋಣ. ಒಂದು ಸಾಧಾರಣ 30–40 ಸೈಟಿನ ಬೀದಿಯಲ್ಲಿ ನಿಂತು ಅಳೆದು ನೋಡಿ. ಸೈಟಿನ ಮುಖ 30 ಅಡಿ. ಅದರಲ್ಲಿ ಗೇಟಿಗೆ 10ರಿಂದ 12 ಅಡಿ ಬಿಡಬೇಕು. ಉಳಿದ 18ರಿಂದ 20 ಅಡಿಯಲ್ಲಿ ನಿಲ್ಲುವುದು ಒಂದು ಕಾರು. ಕಾರೊಂದಕ್ಕೆ ಸುಮಾರು 16 ಅಡಿ ಬೇಕು. ಚರಂಡಿ, ಫುಟ್‌ಪಾತ್ ಕಳೆದು 20 ಅಡಿ ಡಾಂಬರು ಇದೆ ಎಂದಿಟ್ಟುಕೊಳ್ಳಿ. ಕಾರಿನ ಅಗಲಕ್ಕೆ 7 ಅಡಿ. ಎರಡೂ ಬದಿ ನಿಲ್ಲಿಸಿದರೆ ನಡುವೆ ಉಳಿಯುವುದು 6 ಅಡಿ. ಅಗ್ನಿಶಾಮಕ ವಾಹನ ಸುಮಾರು 8 ಅಡಿ ಅಗಲ, ಒಳಗೆ ಬರಲಾರದು. ಆದ್ದರಿಂದ ಒಂದೇ ಬದಿ ನಿಲ್ಲಿಸಬೇಕು. ಅಂದರೆ ಎದುರುಬದುರಿನ ಎರಡು ಸೈಟಿಗೆ ಸೇರಿ ಒಂದು ಕಾರು. ಆ ಎರಡು ಸೈಟುಗಳಲ್ಲಿ ಇಂದು ನಾಲ್ಕು ನಾಲ್ಕು ಮಹಡಿ ಎದ್ದಿವೆ. ಮಹಡಿಗೊಂದೇ ಸಂಸಾರ ಎಂದರೂ ಎಂಟು. ಎಂಟು ಮನೆಗೆ ಒಂದು ಜಾಗ. ಎಲ್ಲರ ಬಳಿಯೂ ಕಾರಿಲ್ಲ, ಕೆಲವರದು ಒಳಗೆ ನಿಲ್ಲುತ್ತದೆ, ನಿಜ. ಆದರೂ ಲೆಕ್ಕ ಮೇಳ ಬರುವುದಿಲ್ಲ. ವರ್ಷಕ್ಕೆ 1,000 ರೂಪಾಯಿ ಎಂದರೆ ದಿನಕ್ಕೆ 3 ರೂಪಾಯಿಗಿಂತ ಕಡಿಮೆ. 5,000 ಎಂದರೂ 14 ರೂಪಾಯಿಯ ಒಳಗೆ. ಆ ದರಕ್ಕೆ ಯಾರೂ ಕಾರು ಕೊಳ್ಳುವುದನ್ನು ಬಿಡುವುದಿಲ್ಲ. ಹಾಗಿದ್ದಮೇಲೆ ಯಾರಿಗೆ ಕೊಡಬೇಕು ಎಂಬ ನಿಯಮ ಮೊದಲೇ ಬರೆದಿರಬೇಕು.

ಆ ನಿಯಮದಲ್ಲಿ ನನ್ನ ಆತಂಕ ಬಾಡಿಗೆದಾರರ ಬಗ್ಗೆ. ಲಂಡನ್ನಿನಲ್ಲಿ ಕೌನ್ಸಿಲ್ ತೆರಿಗೆ ಕಟ್ಟುವುದು ಸಾಮಾನ್ಯವಾಗಿ ಮನೆಯಲ್ಲಿ ವಾಸಿಸುವವರು; ಬಾಡಿಗೆಯವರಾದರೂ ಬಿಲ್ಲು ಅವರ ಹೆಸರಿಗೇ ಬರುತ್ತದೆ. ಅದನ್ನೇ ತೋರಿಸಿ ಪರ್ಮಿಟ್ ಪಡೆಯುತ್ತಾರೆ. ನಮ್ಮಲ್ಲಿ ಆಸ್ತಿ ತೆರಿಗೆ ಮಾಲೀಕರ ಹೆಸರಲ್ಲಿ, ಕರೆಂಟು ಬಿಲ್ಲೂ ಬಹುಪಾಲು ಅವರದೇ ಹೆಸರಲ್ಲಿ. ಕಾರಿನ ಆರ್‌ಸಿಯಲ್ಲಿ ಹಾಸನದ್ದೋ ಹುಬ್ಬಳ್ಳಿಯದ್ದೋ ವಿಳಾಸ. ಮಾಲೀಕರ ಕಾಗದವನ್ನೇ ಪುರಾವೆ ಎಂದು ಹಿಡಿದರೆ, ಬೇರೆ ಊರಲ್ಲಿರುವ ಮನೆ ಮಾಲೀಕರಿಗೆ ಪರ್ಮಿಟ್ ಸಿಕ್ಕೀತು, ಹತ್ತು ವರ್ಷದಿಂದ ಆ ಬೀದಿಯಲ್ಲೇ ಬಾಳುತ್ತಿರುವ ಬಾಡಿಗೆದಾರರಿಗೆ ಸಿಗಲಿಕ್ಕಿಲ್ಲ. ರಾತ್ರಿ ಆಟೊ, ಟ್ಯಾಕ್ಸಿ ನಿಲ್ಲಿಸಿ ಮಲಗುವ ಚಾಲಕರ ಗತಿಯನ್ನೂ ಈಗಲೇ ಯೋಚಿಸಬೇಕು. ಅವರಿಗೆ ಆ ಗಾಡಿ ಅನ್ನ. ಕಾರೇ ಇಲ್ಲದವರಿಗೂ ಈ ರಸ್ತೆಯಲ್ಲಿ ಪಾಲಿದೆ. ಶಾಲೆಗೆ ನಡೆದು ಹೋಗುವ ಮಗು, ಮೊಣಕಾಲು ನೋಯುವ ಅಜ್ಜಿ, ತಳ್ಳುಗಾಡಿಯಲ್ಲಿ ಸೊಪ್ಪು ತರುವವರು: ಇವರಿಗೆ ನಡೆಯಲು ಜಾಗ ಬಿಟ್ಟು ಆಮೇಲೆ ಕಾರಿನ ಲೆಕ್ಕ ಹಾಕುವುದು ಸರಿಯಾದ ಕ್ರಮ.

ನೀತಿಗೆ ಒಪ್ಪಿಗೆ ಸಿಕ್ಕು ವರ್ಷಗಳಾದರೂ ನಿವಾಸಿ ಪರ್ಮಿಟ್ ನಗರದಾದ್ಯಂತ ಜಾರಿಗೆ ಬಂದಿಲ್ಲ. ಈ ನಡುವೆ ಬೆಂಗಳೂರಿನ ಆಡಳಿತ ಐದು ಪಾಲಿಕೆಗಳಾಗಿ ಹಂಚಿಹೋಗಿದೆ. ಲಂಡನ್ನಿನ ಬರೋಗಳ ಹಾಗೆ ಒಂದೊಂದೂ ತನ್ನ ಬಡಾವಣೆಗಳಿಗೆ ಹೊಂದುವ ನಿಯಮ ಮಾಡಿಕೊಳ್ಳಲು ಇದು ಒಳ್ಳೆಯ ಹೊತ್ತು. ಮುಂದೆ ನಿಮ್ಮ ಬೀದಿಗೆ ಪರ್ಮಿಟ್ ಬರುತ್ತದೆ ಎಂದು ಯಾರಾದರೂ ಹೇಳಿದರೆ, ದರ ಎಷ್ಟು ಎಂದು ಕೇಳುವ ಮೊದಲು ಮೂರು ವಿಷಯ ಕೇಳಿ: ನಮ್ಮ ಬೀದಿಯಲ್ಲಿ ಎಷ್ಟು ಜಾಗ ಎಣಿಸಿದ್ದೀರಿ, ಯಾರಿಗೆ ಕೊಡುವುದಿಲ್ಲ, ಬಂದ ಹಣದ ಲೆಕ್ಕ ಎಲ್ಲಿ ಪ್ರಕಟಿಸುತ್ತೀರಿ. ಈ ಮೂರಕ್ಕೂ ಲಿಖಿತ ಉತ್ತರ ಸಿಗುವವರೆಗೆ ಒಪ್ಪಿಗೆ ಕೊಡಬೇಡಿ. ಸಿಕ್ಕರೆ, ನಿಮ್ಮ ಗೇಟಿನ ಮುಂದಿನ ಕಲ್ಲು ತೆಗೆದು ಆ ವ್ಯವಸ್ಥೆಯ ಬೆನ್ನಿಗೆ ನಿಲ್ಲಿ.